ಅಪ್ಪನ ಮಳೆ ಡೈರಿ, ನನ್ನ ಬಿಸಿಲಿನ ಲೆಕ್ಕ

ಮನೆ ಮೇಲೆ ಸೋಲಾರ್ ಹಾಕಿಸಿ ಎರಡು ವರ್ಷ ಆಯ್ತು. ನಮ್ಮ ಚಿತ್ರದುರ್ಗದಲ್ಲಿ ಯಾರು ಸಿಕ್ಕರೂ ಕೇಳೋದು ಒಂದೇ, "ಬೇಸಿಗೆಲಿ ಭಾರಿ ಕರೆಂಟ್ ಬರತ್ತಲ್ವಾ? ನಮ್ಮೂರ ಬಿಸಿಲಿಗೇನು ಕಮ್ಮಿ" ಅಂತ. ಹೌದು ಬಿಸಿಲಿಗೇನೂ ಕಮ್ಮಿ ಇಲ್ಲ, ಆದರೆ ಕರೆಂಟು ನಾವು ಬೆವರೋ ಲೆಕ್ಕದಲ್ಲಿ ಬರೋದಿಲ್ಲ. ಇದು ನನಗೂ ಹಾಕಿಸೋ ಮುಂಚೆ ಗೊತ್ತಿರಲಿಲ್ಲ, ಯಾರೂ ಬಿಡಿಸಿ ಹೇಳಲೂ ಇಲ್ಲ. ಅದಕ್ಕೇ ಎರಡು ವರ್ಷ ದಿನಾ ಸಂಜೆ ಬರೆದಿಟ್ಟ ಲೆಕ್ಕ ಎದುರಿಗೆ ಇಟ್ಕೊಂಡು ಇದನ್ನ ಬರೀತಿದ್ದೀನಿ, ಈ ಕಡೆ ಹಾಕಿಸಬೇಕು ಅಂತ ಯೋಚನೆ ಮಾಡ್ತಿರೋರಿಗೆ ಉಪಯೋಗ ಆದರೆ ಆಗಲಿ.

ಲೆಕ್ಕ ಶುರುವಾಗಿದ್ದು ಅಪ್ಪನ ಡೈರಿಯಿಂದ. ಚಳ್ಳಕೆರೆ ಕಡೆ ನಮ್ಮ ಹಳ್ಳಿಲಿ ಸ್ವಲ್ಪ ಜಮೀನಿದೆ, ಶೇಂಗಾ ಹಾಕ್ತೀವಿ, ಅಪ್ಪ ನನಗೆ ಬುದ್ಧಿ ಬಂದಾಗಿನಿಂದಲೂ ಮಳೆ ಬರೆದಿಡ್ತಾರೆ. ತಾರೀಖಿನ ಪ್ರಕಾರ ಅಲ್ಲ, ಮಳೆ ಹೆಸರಿನ ಪ್ರಕಾರ. ಭರಣಿ ಅಂತ ಒಂದು ಪುಟ, ಕೃತ್ತಿಕೆ ಒಂದು ಪುಟ, ರೋಹಿಣಿ, ಮೃಗಶಿರ, ಆರಿದ್ರ, ಹೀಗೆ ವಿಶಾಖದ ತನಕ. "ಹದ ಮಳೆ", "ಹನಿ", "ಕೆರೆಗೆ ನೀರು ಬಂತು", ಇಷ್ಟೇ ಬರಹ. ಹಳ್ಳಿಲಿ ಎಷ್ಟು ಮಿಲಿಮೀಟರ್ ಅಂತ ಯಾರು ಅಳೀತಾರೆ, ಎಷ್ಟು ಬೆರಳು ನೆಲ ನೆಂದಿದೆ ಅನ್ನೋದೇ ಅಳತೆ. ಸೋಲಾರ್ ಹಾಕಿಸಿದ ಮೊದಲನೇ ವಾರ ನಾನು ಮೊಬೈಲ್ ಆ್ಯಪ್ ನೋಡ್ತಾ ಇವತ್ತು 11 ಯೂನಿಟ್, ಇವತ್ತು 13 ಅಂತ ಹೇಳ್ತಿದ್ದೆ, ಅಪ್ಪ ಕೇಳಿಸ್ಕೊಂಡು, "ಬಾಯಲ್ಲಿ ಹೇಳಿದ್ರೆ ಏನು ಬಂತು, ಇಲ್ಲೇ ಪಕ್ಕದಾಗೆ ಬರಿ" ಅಂತ ಡೈರಿ ಮುಂದಕ್ಕಿಟ್ಟರು. ಅವತ್ತಿಂದ ಮಳೆ ಪಕ್ಕದಲ್ಲೇ ಬಿಸಿಲೂ ಕೂತಿದೆ.

ಆಮೇಲೆ ಹೊಳೆದಿದ್ದು, ಈ ಮಳೆ ನಕ್ಷತ್ರದ ಪಟ್ಟಿ ಇದೆಯಲ್ಲ, ಇದು ಸೋಲಾರ್ ಲೆಕ್ಕ ಇಡೋಕೆ ಅಂತಾನೇ ಮಾಡಿದ ಹಾಗಿದೆ. ಸೂರ್ಯ ಯಾವ ನಕ್ಷತ್ರದಲ್ಲಿ ಇರ್ತಾನೋ ಅದೇ ಆ ಮಳೆಯ ಹೆಸರು. 27 ನಕ್ಷತ್ರ, ಒಂದೊಂದಕ್ಕೆ 13-14 ದಿನ, ಒಟ್ಟು ಸೇರಿ ಒಂದು ವರ್ಷ. ಚೈತ್ರ ವೈಶಾಖ ಚಂದ್ರನ ಲೆಕ್ಕ, ವರ್ಷ ವರ್ಷ ಹಿಂದೆ ಮುಂದೆ ಆಗ್ತವೆ, ಆದರೆ ರೋಹಿಣಿ ಅಂದ್ರೆ ಮೇ 25ರ ಆಸುಪಾಸು, ಆರಿದ್ರ ಅಂದ್ರೆ ಜೂನ್ 22ರ ಆಸುಪಾಸು, ಪ್ರತಿ ವರ್ಷ ಅಲ್ಲೇ. ನಮ್ಮ ಹಿರಿಯರು ಮಳೆಗೆ ಇಟ್ಟ ಹೆಸರುಗಳು ನಿಜವಾಗಿ ಬಿಸಿಲಿನ ಕ್ಯಾಲೆಂಡರು! ತಿಂಗಳ ಲೆಕ್ಕಕ್ಕಿಂತ ಇದರಲ್ಲಿ ಬದಲಾವಣೆ ಚೆನ್ನಾಗಿ ಕಾಣತ್ತೆ, ಯಾಕಂದ್ರೆ ಜೂನ್ ಅಂತ ಒಂದೇ ಸಾಲಲ್ಲಿ ಬರೆದರೆ ರೋಹಿಣಿಯ ಬಿಸಿಲೂ ಆರಿದ್ರೆಯ ಮೋಡವೂ ಕಲಸಿಹೋಗತ್ತೆ.

ನಮ್ಮದು 3 ಕಿಲೋವ್ಯಾಟ್ ಸಿಸ್ಟಮ್. ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಲಿ ಶುರುವಾಯ್ತಲ್ಲ, ಅದೇ ವರ್ಷ ಮೇ ತಿಂಗಳಲ್ಲಿ ಹಾಕಿಸಿದ್ದು. ಸಬ್ಸಿಡಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000 ರೂಪಾಯಿ, ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. 540 ವ್ಯಾಟಿನ ಆರು ಪ್ಯಾನೆಲ್, ದಕ್ಷಿಣಕ್ಕೆ ಮುಖ, ಸುಮಾರು 14 ಡಿಗ್ರಿ ಇಳಿಜಾರು. ದುರ್ಗ ಇರೋದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಊರಿನ ಅಕ್ಷಾಂಶದಷ್ಟೇ ಇಳಿಜಾರು ಕೊಡೋದು ವಾಡಿಕೆ. ನಮ್ಮ ಬಯಲುಸೀಮೆಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ವರ್ಷದ ಸರಾಸರಿ ಐದೂವರೆ ಯೂನಿಟ್ ಆಸುಪಾಸಿನ ಬಿಸಿಲು ಬೀಳತ್ತೆ. ಅದರಲ್ಲಿ ಪ್ಯಾನೆಲ್ ಕರೆಂಟ್ ಮಾಡೋದು ಐದನೇ ಒಂದು ಪಾಲು, ಆರೂ ಪ್ಯಾನೆಲ್‌ಗಳ ಹರವಿಗೆ ಲೆಕ್ಕ ಹಾಕಿ, ಅದರಲ್ಲೂ ಬಿಸಿ, ಧೂಳು, ವೈರು, ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಿಸೋ ಪೆಟ್ಟಿಗೆ) ಅಂತ ಸ್ವಲ್ಪ ಸ್ವಲ್ಪ ಸೋರಿಹೋಗಿ 3 ಕಿಲೋವ್ಯಾಟಿಗೆ ದಿನಕ್ಕೆ 12 ಯೂನಿಟ್ ಅಂತ ಇಟ್ಕೊಳಿ. ಹಾಕೋಕೆ ಬರೋರೆಲ್ಲ ಹೇಳೋದೂ ಇದೇ, "ಕಿಲೋವ್ಯಾಟಿಗೆ ನಾಲ್ಕು ಯೂನಿಟ್ ಸಾರ್". ವರ್ಷದ ಸರಾಸರಿಗೆ ಅದು ಸುಳ್ಳಲ್ಲ. ಆದರೆ ಆ ಸರಾಸರಿಯ ದಿನ ಅನ್ನೋದು ನನ್ನ ಡೈರಿಲಿ ಅಪರೂಪ, ಒಂದೋ ಅದಕ್ಕಿಂತ ಜಾಸ್ತಿ ಇಲ್ಲಾಂದ್ರೆ ಕಮ್ಮಿ.

ಅತಿ ಹೆಚ್ಚು ಬಂದಿದ್ದು ಯಾವಾಗ ಅಂತ ನೋಡಿದರೆ ಏಪ್ರಿಲ್-ಮೇ ಅಲ್ಲ, ಫೆಬ್ರವರಿ ಕೊನೆ ಮತ್ತೆ ಮಾರ್ಚ್. ಶಿವರಾತ್ರಿಯಿಂದ ಯುಗಾದಿ ತನಕ ಅಂತ ನೆನಪಿಟ್ಕೊಂಡರೆ ಸಾಕು. ಆಕಾಶ ತೊಳೆದಿಟ್ಟ ಹಾಗೆ ನೀಲಿ, ಬೆಳಗ್ಗೆ ಇನ್ನೂ ತಂಪು, ದಿನಾ 14ರ ಮೇಲೆ, ಕೆಲವು ದಿನ 15 ಮುಟ್ಟಿದೆ. ಮೇ ತಿಂಗಳಲ್ಲಿ ಹಗಲು ಉದ್ದ, ಸೂರ್ಯ ನೆತ್ತಿ ಮೇಲೆ, ಆದರೂ 12-13ಕ್ಕೇ ನಿಲ್ಲತ್ತೆ. ಯಾಕೆ ಅಂದ್ರೆ ಪ್ಯಾನೆಲ್‌ಗೆ ಬೇಕಾಗಿರೋದು ಬೆಳಕು, ಬಿಸಿ ಅಲ್ಲ. ಪ್ಯಾನೆಲ್ ಹಿಂದೆ ಅಂಟಿಸಿರೋ ವ್ಯಾಟ್ ಲೆಕ್ಕ 25 ಡಿಗ್ರಿ ಬಿಸಿಗೆ ಹೇಳಿದ್ದು, ಅದಕ್ಕಿಂತ ಒಂದೊಂದು ಡಿಗ್ರಿ ಏರಿದ ಹಾಗೂ ಸುಮಾರು 0.35% ಇಳೀತಾ ಹೋಗತ್ತೆ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ, ಆ ಹೊತ್ತಲ್ಲಿ ಪ್ಯಾನೆಲ್ ಒಳಗೆ 60 ಡಿಗ್ರಿ ದಾಟಿರತ್ತೆ, ಅಂದ್ರೆ ಎಂಟರಲ್ಲಿ ಒಂದು ಪಾಲು ಕರೆಂಟು ಬಿಸಿಗೇ ಹೋಯ್ತು. ಜೊತೆಗೆ ಮೇ ತಿಂಗಳಲ್ಲಿ ಬಿಸಿಲು ಸ್ವಲ್ಪ ಮಬ್ಬು, ಧೂಳು, ಮೂರು ಗಂಟೆ ಮೇಲೆ ಮೂಡಗಡೆ ಮೋಡ ಕಟ್ಟೋದು. ಆದರೆ ಒಂದು ಅಡ್ಡ ಮಳೆ ಬಿದ್ದು ಮಾರನೇ ದಿನ ಬಿಸಿಲು ಬಂದರೆ ನೋಡಬೇಕು, ಪ್ಯಾನೆಲ್ ತೊಳೆದಿರತ್ತೆ, ಗಾಳಿ ತಂಪಾಗಿರತ್ತೆ, ಮೇ ತಿಂಗಳಲ್ಲೂ 14 ದಾಟತ್ತೆ.

ಇನ್ನೊಂದು ವಿಷಯ, ನಮ್ಮ ಸೂರ್ಯ ವರ್ಷ ಪೂರ್ತಿ ದಕ್ಷಿಣದಲ್ಲಿ ಇರೋದಿಲ್ಲ. ಏಪ್ರಿಲ್ ಕೊನೇ ವಾರ ಒಂದು ದಿನ ಮಧ್ಯಾಹ್ನ ಸರಿಯಾಗಿ ನಡುನೆತ್ತಿಗೆ ಬರ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರಲ್ಲ. ಅಲ್ಲಿಂದ ಮುಂದೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರ್ತಾನೆ, ಆಮೇಲೆ ಆಗಸ್ಟ್ ಮಧ್ಯದಲ್ಲಿ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ. ಸ್ವಾತಂತ್ರ್ಯ ದಿನದ ಹೊತ್ತಿಗೆ ಸರಿಯಾಗಿ ಅದು, ಶಾಲೆ ಧ್ವಜಸ್ತಂಭಕ್ಕೆ ಮಧ್ಯಾಹ್ನ ನೆರಳಿಲ್ಲದ ದಿನ, ಮಕ್ಕಳಿಗೆ ತೋರಿಸೋಕೆ ಎಷ್ಟು ಚೆನ್ನಾಗಿರತ್ತೆ ಅಂದ್ಕೊಂಡೆ, ಆದರೆ ಆ ಹೊತ್ತಿಗೆ ಮೋಡ, ಸೂರ್ಯನೇ ಕಾಣಲ್ಲ. ನಮ್ಮ ನಡುಮಧ್ಯಾಹ್ನ ಗಡಿಯಾರದ 12ಕ್ಕೆ ಅಲ್ಲ ಅನ್ನೋದೂ ಆವಾಗಲೇ ಗೊತ್ತಾಗಿದ್ದು. ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 76.4ರಲ್ಲಿ, ಅದಕ್ಕೇ ಸೂರ್ಯ ನೆತ್ತಿಗೆ ಬರೋದು 12 ಗಂಟೆ 20-30 ನಿಮಿಷಕ್ಕೆ. ಇನ್ವರ್ಟರ್ ಗ್ರಾಫಿನ ಗುಡ್ಡದ ತುದಿ ನೋಡಿದರೂ ಅದೇ ಕಾಣತ್ತೆ.

ಈ ಉತ್ತರ-ದಕ್ಷಿಣದ ವಿಷಯ ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ, ದುಡ್ಡು ಕಳ್ಕೊಂಡು ಗೊತ್ತಾಗಿದ್ದು. ಪ್ಯಾನೆಲ್ ಹಾಕೋರು ಜಾಗ ನೋಡೋಕೆ ಬಂದಿದ್ದು ಮೇ ತಿಂಗಳ ಮಧ್ಯಾಹ್ನ. ತಾರಸಿ ಪೂರ್ತಿ ಬಿಸಿಲು, ಎಲ್ಲೂ ನೆರಳಿಲ್ಲ. ನಮ್ಮ ನೀರಿನ ಟ್ಯಾಂಕು ದಕ್ಷಿಣದ ಕಡೆ ಮೆಟ್ಟಿಲ ರೂಮಿನ ಮೇಲಿತ್ತು, ಅದರ ಉತ್ತರಕ್ಕೆ ಪ್ಯಾನೆಲ್ ಕೂರಿಸಿದರು. ಮೇ ತಿಂಗಳಲ್ಲಿ ಟ್ಯಾಂಕಿನ ನೆರಳು ದಕ್ಷಿಣಕ್ಕೆ ಬೀಳ್ತಿತ್ತು, ಪ್ಯಾನೆಲ್ ತಂಟೆಗೇ ಬರ್ತಿರಲಿಲ್ಲ. ದೀಪಾವಳಿ ಮುಗೀತು, ಆಕಾಶ ತಿಳಿಯಾಯ್ತು, ಚಳಿ ಬಂತು, ಯೂನಿಟ್ ಮೇಲೆ ಹೋಗಬೇಕು ಅಂತ ನಾನು ಕಾಯ್ತಿದ್ದರೆ ಅದು 9ಕ್ಕೆ ಬಂದು ಕೂತುಬಿಡ್ತು. ಏನು ಕೆಟ್ಟುಹೋಯ್ತೋ ಅಂತ ಫೋನ್ ಮಾಡಿದರೆ ಅವರು "ಚಳಿಗಾಲದಲ್ಲಿ ಹಂಗೇ" ಅಂದರು. ನಂಬಿಬಿಟ್ಟೆ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಹತ್ತು ಗಂಟೆಗೆ ಬಟ್ಟೆ ಒಣಗಿಸೋಕೆ ಹೋದಾಗ ನೋಡ್ತೀನಿ, ಟ್ಯಾಂಕಿನ ನೆರಳು ನೀಟಾಗಿ ಎರಡು ಪ್ಯಾನೆಲ್ ಮೇಲೆ ಮಲಗಿದೆ. ಡಿಸೆಂಬರ್ 21ರ ಹೊತ್ತಿಗೆ ನಮ್ಮಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ 52 ಡಿಗ್ರಿ ಅಷ್ಟೇ ಮೇಲಿರೋದು, ಒಂದು ಮೀಟರ್ ಕೋಲಿಗೆ ಮುಕ್ಕಾಲು ಮೀಟರ್ ನೆರಳು, ಬೆಳಗ್ಗೆ ಹತ್ತಕ್ಕಂತೂ ಕೋಲಿಗಿಂತ ಉದ್ದ. ಪ್ಯಾನೆಲ್‌ಗಳನ್ನ ಸರದ ಥರ ಒಂದಕ್ಕೊಂದು ಸೇರಿಸಿರ್ತಾರೆ, ಒಂದಕ್ಕೆ ನೆರಳು ಬಿದ್ದರೆ ಪೆಟ್ಟು ಅದಕ್ಕೆ ಮಾತ್ರ ಅಲ್ಲ, ಸಾಲಿಗೇ ತಗಲತ್ತೆ. ಪ್ಲಂಬರ್ ಕರೆಸಿ ಟ್ಯಾಂಕನ್ನ ವಾಯುವ್ಯ ಮೂಲೆಗೆ ಸಾಗಿಸಿದ್ದು ಸಂಕ್ರಾಂತಿ ಹತ್ತಿರ ಬಂದಮೇಲೆ, ಮಾರನೇ ದಿನದಿಂದಲೇ 12ರ ಮೇಲೆ. ಎರಡು ತಿಂಗಳು ಸುಮ್ಮನೆ ಹೋಯ್ತು. ಅದಕ್ಕೇ ಹೇಳೋದು, ಹಾಕಿಸೋ ಜಾಗಕ್ಕೆ ನೆರಳು ಬರತ್ತಾ ಇಲ್ವಾ ಅಂತ ನೋಡೋದಾದರೆ ಡಿಸೆಂಬರ್‌ನಲ್ಲಿ ನೋಡಿ, ಬೆಳಗ್ಗೆ ಒಂಬತ್ತಕ್ಕೆ ಒಂದ್ಸಲ, ಸಂಜೆ ನಾಲ್ಕಕ್ಕೆ ಒಂದ್ಸಲ. ಪಕ್ಕದ ಮನೆಯವರು ದಕ್ಷಿಣಕ್ಕೆ ಇನ್ನೊಂದು ಫ್ಲೋರ್ ಎತ್ತುತ್ತಾರಾ ಅನ್ನೋದನ್ನೂ ಕೇಳ್ಕೊಳಿ.

ನೆರಳಿಲ್ಲದಿದ್ದರೆ ನಮ್ಮ ಚಳಿಗಾಲ ಬಹಳ ಒಳ್ಳೇದು. ಹಗಲು 11 ಗಂಟೆ 20 ನಿಮಿಷಕ್ಕೆ ಇಳಿದಿರತ್ತೆ ನಿಜ, ಜೂನ್‌ನ ಹತ್ತಿರ ಹತ್ತಿರ 13 ಗಂಟೆಗೆ ಹೋಲಿಸಿದರೆ ಕಮ್ಮಿ, ಆದರೆ ದಕ್ಷಿಣಕ್ಕೆ ವಾಲಿಸಿರೋ ಪ್ಯಾನೆಲ್‌ಗೆ ಆ ಓರೆ ಬಿಸಿಲು ನೇರವಾಗಿ ಬಡಿಯತ್ತೆ, ಜೊತೆಗೆ ತಂಪು. ಹೊರದೇಶದವರ ವಿಡಿಯೋ ನೋಡಿ ಚಳಿಗಾಲ ಅಂದ್ರೆ ಕರೆಂಟೇ ಇಲ್ಲ ಅಂದ್ಕೊಂಡಿರೋರು ಇದ್ದಾರೆ, ಅದು ಅವರ ಆಕಾಶ, ನಮ್ಮದಲ್ಲ.

ನಮಗೆ ಚಳಿಗಾಲ ಅಂದ್ರೆ, ಸೋಲಾರ್ ಲೆಕ್ಕದಲ್ಲಿ, ಆಷಾಢ.

ಡೈರಿಲಿ ಅಪ್ಪನ ಕೈಬರಹ ಜೋರಾಗಿರೋ ಪುಟಗಳಲ್ಲೇ ನನ್ನ ಅಂಕಿ ಕುಸಿಯೋದು. ರೋಹಿಣಿ ತನಕ 12-13, ಮೃಗಶಿರದಲ್ಲಿ 10-11, ಆರಿದ್ರ ಹೊಕ್ಕ ಮೇಲೆ 9, ಪುನರ್ವಸು ಪುಷ್ಯದಲ್ಲಿ 8, ಕೆಲವು ದಿನ 4. ಮಲೆನಾಡಲ್ಲಿ ಆಗಿದ್ದರೆ ಮೋಡ ಬಂತು ಮಳೆ ಬಂತು ಅಂತ ಸಮಾಧಾನ. ನಮ್ಮಲ್ಲಿ ಹಾಗಲ್ಲ, ಘಟ್ಟ ದಾಟಿ ಬರೋ ಹೊತ್ತಿಗೆ ಮೋಡದಲ್ಲಿ ನೀರು ಖಾಲಿ, ಬರೀ ಮೋಡ ಬರತ್ತೆ, ಬೂದಿ ಬಣ್ಣದ್ದು, ಬೆಳಗ್ಗೆಯಿಂದ ಸಂಜೆ ತನಕ ಓಡ್ತಾನೇ ಇರತ್ತೆ, ಬಿದ್ದರೆ ನಾಲ್ಕು ತುಂತುರು. ಶೇಂಗಾ ಬಿತ್ತಿದವನು ಮೇಲೆ ನೋಡ್ತಾ ಕೂತಿರ್ತಾನೆ. "ಮೋಡ ಐತೆ, ಮಳೆ ಇಲ್ಲ, ಬಿಸಿಲೂ ಇಲ್ಲ" ಅಂತ ಅಪ್ಪ ಒಂದು ಪುನರ್ವಸು ಪುಟದಲ್ಲಿ ಬರೆದಿದ್ದಾರೆ, ಸೋಲಾರ್ ಬರೋಕೆ ಎಷ್ಟೋ ವರ್ಷ ಮುಂಚೆ. ಆ ಸಾಲು ಓದಿದಾಗ ನನಗೆ ಹೊಟ್ಟೆಲಿ ಏನೋ ಆಯ್ತು. ನನಗೆ ಹೋಗೋದು ದಿನಕ್ಕೆ ಐದಾರು ಯೂನಿಟ್, ಅಪ್ಪನಿಗೆ ಹೋಗ್ತಿದ್ದಿದ್ದು ಒಂದು ವರ್ಷದ ಬೆಳೆ.

ಆದರೆ ಆ ಹೊತ್ತಲ್ಲಿ ನಮ್ಮೂರಿಗೆ ಇನ್ನೊಂದು ಸಿಗತ್ತೆ, ಗಾಳಿ. ಕೋಟೆ ಮೇಲೆ ನಿಂತು ಜೋಗಿಮಟ್ಟಿ ಕಡೆ ನೋಡಿ, ಜುಲೈನಲ್ಲಿ ಗಾಳಿಯಿಂದ ಕರೆಂಟ್ ಮಾಡೋ ಆ ಫ್ಯಾನುಗಳು ನಿಲ್ಲೋದೇ ಇಲ್ಲ. ಮಾರ್ಚ್‌ನಲ್ಲಿ ನೋಡಿದರೆ ಎಷ್ಟೋ ಸುಮ್ಮನೆ ನಿಂತಿರ್ತವೆ. ಅದೇ ಜುಲೈ-ಆಗಸ್ಟ್‌ನಲ್ಲಿ ಶರಾವತಿಗೆ ನೀರು ಬಂದು ಲಿಂಗನಮಕ್ಕಿ ಏರ್ತಾ ಇರತ್ತೆ. ಬಿಸಿಲು ಕೈಬಿಟ್ಟ ಹೊತ್ತಲ್ಲೇ ಗಾಳಿ ನೀರು ಎರಡೂ ಕೈಹಿಡಿಯೋದು, ಈ ಮೂರೂ ಒಂದೇ ರಾಜ್ಯದಲ್ಲಿ ಇರೋದು ಎಷ್ಟು ದೊಡ್ಡ ಪುಣ್ಯ ಅಂತ ನನಗೆ ನಿಜವಾಗ್ಲೂ ಅನ್ಸತ್ತೆ. ಕರ್ನಾಟಕದ ಸೋಲಾರ್ ಸಾಮರ್ಥ್ಯ 24.7 ಗಿಗಾವ್ಯಾಟ್ ಅಂತ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಹಿಂದೆ ಅಂದಾಜು ಮಾಡಿತ್ತು, ದೊಡ್ಡ ಅಂಕಿ, ಆದರೆ ಅದನ್ನ ಒಂಟಿಯಾಗಿ ನೋಡಿದರೆ ಪುನರ್ವಸು ಮಳೆ ಹೊತ್ತಿಗೆ ಏನು ಮಾಡೋದು ಅನ್ನೋ ಪ್ರಶ್ನೆಗೆ ಉತ್ತರ ಸಿಗಲ್ಲ.

ಅಕ್ಕ ತೀರ್ಥಹಳ್ಳಿಲಿ ಇದ್ದಾಳೆ, ನಾವು ಹಾಕಿಸಿದ್ದು ನೋಡಿ ಭಾವನೂ ಅದೇ ಅಳತೆದು ಹಾಕಿಸಿದರು. ದಿನಾ ಸಂಜೆ ವಾಟ್ಸಾಪ್‌ನಲ್ಲಿ ಅವಳ ಅಂಕಿ, ನನ್ನ ಅಂಕಿ. ಎರಡೂ ಊರು ಹೆಚ್ಚು ಕಮ್ಮಿ ಒಂದೇ ಅಕ್ಷಾಂಶ, ಸೂರ್ಯನ ದಾರಿ ಒಂದೇ, ಹಗಲಿನ ಉದ್ದ ಒಂದೇ. ಜನವರಿಯಿಂದ ಏಪ್ರಿಲ್ ತನಕ ಅಂಕಿಗಳೂ ಅಣ್ಣತಮ್ಮಂದಿರ ಹಾಗೆ ಇದ್ದವು, ಅವಳಿಗೆ ಬೆಳಗ್ಗೆ ಇಬ್ಬನಿ ಒಂಬತ್ತರ ತನಕ ಬಿಡಲ್ಲ ಅಂತ ಅರ್ಧ ಯೂನಿಟ್ ಕಮ್ಮಿ ಅಷ್ಟೇ. ಜೂನ್ ಎರಡನೇ ವಾರ ಆದಮೇಲೆ ಅವಳ ಮೆಸೇಜು ನೋಡೋಕೇ ಬೇಜಾರು, 5, 3, 6, 2. ಒಂದು ದಿನ "ಒಂದೂವರೆ" ಅಂತ ಕಳಿಸಿ ಜೊತೆಗೆ ಅಂಗಳದ ಫೋಟೋ, ಮಧ್ಯಾಹ್ನ ಎರಡು ಗಂಟೆಗೆ ದೀಪ ಹಚ್ಚೋ ಹಾಗಿದೆ. ಅವರ ತಾಲ್ಲೂಕಿನ ಆಗುಂಬೆಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ, ನಮ್ಮ ಚಳ್ಳಕೆರೆ 500 ಮುಟ್ಟಿದರೆ ಆ ವರ್ಷ ಹಬ್ಬ. ಹಾಗಂತ ಮಲೆನಾಡಿಗೆ ಸೋಲಾರ್ ಬೇಡ ಅನ್ನೋದು ತಪ್ಪು. ವರ್ಷದ ಒಟ್ಟು ಲೆಕ್ಕ ಹಾಕಿದಾಗ ಅವಳದು ನಮಗಿಂತ ಐದಾರರಲ್ಲಿ ಒಂದು ಪಾಲು ಕಮ್ಮಿ ಅಷ್ಟೇ, ಮಿಕ್ಕ ಎಂಟು ತಿಂಗಳು ಬಿಸಿಲು ಚೆನ್ನಾಗೇ ಇದೆ. ಅವಳಿಗೆ ತೊಂದರೆ ಕೊಡೋದು ಮೋಡಕ್ಕಿಂತ ತೋಟದ ಅಡಿಕೆ ಮರದ ನೆರಳು, ಆಮೇಲೆ ಮಳೆಗಾಲದಲ್ಲಿ ಪ್ಯಾನೆಲ್ ಕೆಳಗಿನ ಅಂಚಲ್ಲಿ ಕಟ್ಟೋ ಪಾಚಿ. ನಮಗೆ ಧೂಳು ಅವರಿಗೆ ಪಾಚಿ.

ಧೂಳಿನ ಬಗ್ಗೆ ಒಂದು ಮಾತು. ಬೇಸಿಗೆಲಿ ಹದಿನೈದು ದಿನಕ್ಕೊಮ್ಮೆ ತೊಳೀರಿ, ಸೂರ್ಯ ಏರೋ ಮುಂಚೆ, ಕಾದ ಗಾಜಿಗೆ ತಣ್ಣೀರು ಹಾಕಬೇಡಿ. ಬೋರ್‌ವೆಲ್ ನೀರು ಹಾಕಿ ಹಾಗೇ ಒಣಗಕ್ಕೆ ಬಿಟ್ಟರೆ ಬಿಳಿ ಕಲೆ ಕೂರತ್ತೆ, ನಮ್ಮ ಕಡೆ ನೀರು ಅಷ್ಟು ಗಡುಸು, ನಾನು ಮಳೆನೀರು ಒಂದು ಡ್ರಮ್ಮಲ್ಲಿ ಹಿಡಿದಿಟ್ಟಿದ್ದೀನಿ ಅದಕ್ಕೇ ಅಂತ.

ಸೆಪ್ಟೆಂಬರ್‌ನಲ್ಲಿ ಅಂಕಿ ಮೇಲೆ ಬರತ್ತೆ ಅಂದ್ಕೊಂಡಿದ್ದೆ, ಪೂರ್ತಿ ಬರಲಿಲ್ಲ, ಯಾಕಂದ್ರೆ ನಮ್ಮ ಜಿಲ್ಲೆಗೆ ಒಳ್ಳೆ ಮಳೆ ಬರೋದೇ ಉತ್ತರೆ, ಹಸ್ತ, ಚಿತ್ತೆಗಳಲ್ಲಿ. ಒಂದು ದಿನ 13, ಮಾರನೇ ದಿನ 6, ಹೀಗೆ ಏರಿಳಿತ. 2024ರಲ್ಲಿ ಮಳೆ ಜೋರಾಗೇ ಇತ್ತು, ವಾಣಿವಿಲಾಸ ಸಾಗರ 2025ರ ಜನವರಿಲಿ ಕೋಡಿ ಬಿತ್ತು, ನಾವೆಲ್ಲ ಹಿರಿಯೂರಿಗೆ ಹೋಗಿ ನೋಡ್ಕೊಂಡು ಬಂದ್ವಿ. ಕೆರೆ ತುಂಬಿದ ವರ್ಷ ನನ್ನ ಯೂನಿಟ್ ಕಮ್ಮಿ, ನನಗೆ ಅದರಲ್ಲಿ ಒಂಚೂರೂ ದುಃಖ ಇಲ್ಲ. ಮೋಡ ಒಡೆದು ಒಡೆದು ಓಡೋ ಆ ದಿನಗಳಲ್ಲಿ ಇನ್ವರ್ಟರ್ ಡಿಸ್‌ಪ್ಲೇ ನೋಡೋದೇ ಒಂದು ಚಂದ, ಮೋಡ ಮುಚ್ಚಿದಾಗ 500 ವ್ಯಾಟು, ಸರಿದ ತಕ್ಷಣ 3,000, ಬಿಳಿ ಮೋಡದ ಅಂಚಿಂದ ಬೆಳಕು ಎಗರಿ ಬೀಳೋದರಿಂದ ಒಂದೆರಡು ನಿಮಿಷ ಮಾರ್ಚ್ ಬಿಸಿಲಿಗಿಂತಲೂ ಜಾಸ್ತಿ ತೋರಿಸತ್ತೆ.

ದುಡ್ಡಿನ ಮಾತಿಗೆ ಬಂದರೆ ನಾನು ಎಲ್ಲರಿಗೂ ಹಾಕಿಸಿ ಅನ್ನೋದಿಲ್ಲ. 2023ರಿಂದ ಗೃಹಜ್ಯೋತಿ ಇದೆ, ಅದರಲ್ಲಿ ತಮಗೆ ಗೊತ್ತುಮಾಡಿದ ಮಿತಿಯೊಳಗೆ, ಹೆಚ್ಚೆಂದರೆ 200 ಯೂನಿಟ್, ಬಳಸೋ ಮನೆಗೆ ಬಿಲ್ಲೇ ಇಲ್ಲದಿರುವಾಗ ಲಕ್ಷಗಟ್ಟಲೆ ಹಾಕೋ ಅವಸರ ಏನೂ ಇಲ್ಲ. ನಮ್ಮದು ಕೆಳಗೆ ಅಂಗಡಿ, ಮೇಲೆ ಎರಡು ಮನೆ, ಲೆಕ್ಕ ಕೂಡತ್ತೆ. ಇನ್ನೊಂದು, ಬ್ಯಾಟರಿ ಇಲ್ಲದ ಸಿಸ್ಟಮ್ ಆದರೆ ಲೈನಲ್ಲಿ ಕರೆಂಟ್ ಹೋದಾಗ ಸೋಲಾರೂ ನಿಲ್ಲತ್ತೆ, ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮನ್‌ಗೆ ನಮ್ಮ ಕರೆಂಟು ಹೊಡೀಬಾರದು ಅಂತ ಹಾಗೆ ಮಾಡಿರೋದು, ಅದು ಸರಿಯೇ, ಆದರೆ ಮೊದಲೇ ಗೊತ್ತಿರಲಿ. ಏಪ್ರಿಲ್‌ನಲ್ಲಿ ಹಾಡುಹಗಲು ಎರಡು ಗಂಟೆ ಕರೆಂಟ್ ತೆಗೆದರೆ ಮೂರ್ನಾಲ್ಕು ಯೂನಿಟ್ ಹೋಯ್ತು ಅಂತಲೇ.

ನಮ್ಮ ಪಕ್ಕದ ಪಾವಗಡದಲ್ಲಿ 13,000 ಎಕರೆಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆಯಲ್ಲ, 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿದ್ದು, ತಿರುಮಣಿ ಕಡೆ ಹೋದರೆ ಕಣ್ಣಿಗೆ ಕಾಣೋಷ್ಟು ದೂರ ನೀಲಿ. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ರೈತರ ಹತ್ರ ಗುತ್ತಿಗೆಗೆ ತಗೊಂಡರು, ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕೂತಿದ್ದ ಭೂಮಿಗೆ ನಿಶ್ಚಿತ ಆದಾಯ ಬಂತು, ಒಳ್ಳೇದೇ. ಆದರೆ ಸ್ವಂತ ಭೂಮಿ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದೋರಿಗೆ, ಕುರಿ ಮೇಯಿಸ್ತಿದ್ದೋರಿಗೆ ಗುತ್ತಿಗೆ ದುಡ್ಡು ಬರಲ್ಲ, ಮೇವೂ ಹೋಯ್ತು. ಬಿಸಿಲು ಎಲ್ಲರ ಮೇಲೂ ಬೀಳತ್ತೆ, ಅದರ ಫಲ ಅವರಿಗೂ ಸಿಗೋ ದಾರಿ ಆಗಲೇಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಪ್ಪನ ಹಳೇ ಡೈರಿಗಳಲ್ಲಿ ವಿಶಾಖ ಆದಮೇಲೆ ಪುಟಗಳು ಖಾಲಿ. ಜ್ಯೇಷ್ಠ, ಮೂಲ, ಶ್ರವಣ, ಧನಿಷ್ಠ, ಈ ನಕ್ಷತ್ರಗಳಲ್ಲಿ ಮಳೆ ಇಲ್ಲ, ಬರೆಯೋಕೆ ಏನೂ ಇಲ್ಲ. ನನ್ನ ಲೆಕ್ಕ ತುಂಬಿರೋದು ಆ ಖಾಲಿ ಪುಟಗಳಲ್ಲೇ. ಮೊನ್ನೆ ಹಿಂದಿನ ವರ್ಷದ್ದೆಲ್ಲ ಕೂಡಿಸ್ತಿದ್ದಾಗ ಅಪ್ಪ ಕನ್ನಡಕ ಹಾಕ್ಕೊಂಡು ಬಂದು ಧನಿಷ್ಠದ ಪುಟ ಎರಡು ಸಲ ಓದಿದರು. "ಇದಕ್ಕೆ ನೀರು ಬೇಡ, ಗೊಬ್ಬರ ಬೇಡ" ಅಂದರು. ಹೊಲದ ಬೋರಿಗೂ ಸೋಲಾರ್ ಪಂಪ್ ಹಾಕಿಸೋಣ, ನೀರು ಬೇಕಾಗೋದೂ ಬಿಸಿಲು ಜಾಸ್ತಿ ಇರೋದೂ ಒಂದೇ ಹೊತ್ತಲ್ಲಿ ಅಲ್ವಾ ಅಂತ ಕೇಳಿದೆ, ಅರ್ಜಿ ಹಾಕು ಅಂದಿದ್ದಾರೆ. ಹಾಕಿದ್ದೀನಿ.

ಈಗ ಪುನರ್ವಸು ನಡೀತಿದೆ. ಇವತ್ತಿನ ಪುಟದಲ್ಲಿ ಅಪ್ಪ "ಮೋಡ, ಗಾಳಿ, ಸಂಜೆ ಎಂಟು ಹನಿ" ಅಂತ ಬರೆದಿದ್ದಾರೆ, ಪಕ್ಕದಲ್ಲಿ ನಾನು 5.2 ಅಂತ ಬರೆದೆ. ಅಕ್ಕಂದು ಇನ್ನೂ ಬಂದಿಲ್ಲ, ಅಲ್ಲಿ ಮಳೆಗೆ ನೆಟ್‌ವರ್ಕ್ ಹೋಗಿರಬೇಕು.